ಬಡಿದು ನೋಡುವುದು

ಜೆಮಿಮಾ ಸೋನ್ಸ್, ಎಪ್ಪತ್ತೊಂದು ವರ್ಷ, ಜೆಪ್ಪು.
ಮೊದಲ ಸಲ ಬಂದಾಗ ಯಂತ್ರದ ಬಾಯಿಗೆ ಬಗ್ಗಿ ನೋಡಿ
"ಇದೆಂತ ಮಾರಾಯ್ತಿ, ನಮ್ಮ ಆವಿಗೆಯ ಹಾಗೆಯೇ ಉಂಟು,
ಬೇಯಿಸಿ ಕೊಡ್ತೀಯಾ, ಹಸಿಯೇ ತೆಗೀತೀಯಾ?" ಎಂದರು.
ನಕ್ಕೆ. ಬಳೆ, ಉಂಗುರ, ತಲೆಯ ಮೂರು ಪಿನ್ನು
ಸೇಸಿಯಕ್ಕನ ಕರ್ಚೀಫಿನ ಗಂಟಿಗೆ ಹೋದವು.

ಮೂವತ್ತನಾಲ್ಕು ವರ್ಷ ಹೊಯಿಗೆಬಜಾರಿನ ಹೆಂಚಿನ ಕಾರ್ಖಾನೆಯಲ್ಲಿ
ಸೇಸಿಯಕ್ಕ ಎತ್ತಿ ಕೊಡುವುದು, ಇವರು ಬಡಿದು ನೋಡುವುದು.
ಬಲಗೈಯ ನಡುಬೆರಳ ಗೆಣ್ಣು.
ಟಣ್ ಎಂದರೆ ಮಾಡಿಗೆ, ಟಪ್ ಎಂದರೆ ಬದಿಗೆ.
ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಕ್ಕುತ್ತದಂತೆ.
ಆ ಗೆಣ್ಣು ಈಗಲೂ
ಗೇರುಬೀಜದ ಹಾಗೆ ಉಬ್ಬಿಕೊಂಡಿದೆ.

ನನ್ನದು ಕಂಕನಾಡಿಯ ನೆಲಮಾಳಿಗೆ,
ಏಪ್ರಿಲ್‌ನಲ್ಲೂ ಸ್ವೆಟರ್ ಹಾಕುವ ಕೋಣೆ.
ಇಲ್ಲಿ ಬಡಿಯುವುದು ಯಂತ್ರ:
ಟಕ ಟಕ ಟಕ, ಗರ್ರ್, ಸ್ವಲ್ಪ ಉಸಿರು, ಮತ್ತೆ ಟಕ.
ಹತ್ತಿ ತುರುಕಿದರೂ ಅವರ ಕಿವಿಗೆ ರಜೆಯಿಲ್ಲ.
ಹೊರಗೆ ಎಳೆದಾಗ ಹೇಳಿದರು:
"ಇನ್ನೂರ ಹದಿನೆಂಟು ಒಳ್ಳೆಯದು. ಏಳು ಬಿರುಕು.
ಬರೆದುಕೊಂಡೆಯಾ ಬಾಲೆ?"

ಬರೆದುಕೊಂಡದ್ದು ಬೇರೆ.
ಮೆದುಳಿನ ಒಳಮಗ್ಗುಲಲ್ಲಿ ಒಂದು ಸಣ್ಣ ತಿರುವು,
ಹೊಸ ನೆನಪು ಮೊದಲು ಕಾಲೂರುವ ಜಾಗ.
ಆಕಾರ ನೋಡಿ ಕಡಲಕುದುರೆ ಎಂದರಂತೆ ಹಳಬರು.
ನನಗದು ಕುದುರೆಯಲ್ಲ, ಕುದ್ರು.
ಉಳ್ಳಾಲ ಸಂಕದಿಂದ ಕಾಣುತ್ತದಲ್ಲ, ನೇತ್ರಾವತಿಯ ನಡುವೆ
ನಾಲ್ಕು ತೆಂಗು, ಒಂದು ದೋಣಿ ಕಟ್ಟಿದ ನೆಲ,
ಅಂಥದ್ದು. ಸುತ್ತ ಕಪ್ಪು ನೀರು.

ಆ ವರ್ಷ ಎಡದ ಕುದ್ರು ಎರಡು ಮುಕ್ಕಾಲು ಮಿಲಿಲೀಟರ್.
ಮರುವರ್ಷ ಎರಡೂವರೆಗೆ ತುಸು ಕಡಿಮೆ.
ದಡ ಎಲ್ಲಿ ಕುಸಿಯಿತೆಂದು ಯಾವ ಒಂದು ಚಿತ್ರವೂ ಹೇಳುವುದಿಲ್ಲ;
ಒಂದರ ಮೇಲೊಂದು ಇಟ್ಟಾಗ
ಕಾಣೆಯಾದದ್ದೇ ಕಾಣುವುದು.

ಆ ಮರುವರ್ಷವೇ ಉಂಗುರ ತೆಗೆಯುವಾಗ ಕೇಳಿದ್ದರು,
"ಇದು ಯಾರದ್ದು?"
"ನಿನ್ನದೇ ಮಾರಾಯ್ತಿ. ಪಾಲ್ ಹಾಕಿದ್ದಲ್ವಾ."
"ಪಾಲಾ? ಯಾವುದರ ಪಾಲು?"
ಸೇಸಿಯಕ್ಕ ಜೋರಾಗಿ ನಕ್ಕರು,
ಕರ್ಚೀಫಿಗೆ ಎರಡೆರಡು ಗಂಟು ಹಾಕಿದರು.

ಈ ಸಲ ಹೆಸರು ಕೂಗಿದರೆ
ಸೇಸಿಯಕ್ಕನೇ ಎದ್ದದ್ದು.
ಆವಿಗೆಯ ಮಾತಿಲ್ಲ, ಬಾಲೆ ಎನ್ನಲಿಲ್ಲ,
ಮಲಗಿಸಿದ ಹಾಗೆ ಮಲಗಿದರು.
ಪರದೆಯಲ್ಲಿ ಚಿತ್ರ ಅಲುಗಿತು,
ಗೆರೆಯ ಮೇಲೆ ಗೆರೆ, ಒದ್ದೆ ಕನ್ನಡಿಯ ಹಾಗೆ.
ಗಾಜಿಗೆ ಮುಖವಿಟ್ಟು ನೋಡಿದೆ:
ಗೆಣ್ಣು ಹಾಸಿನ ಅಂಚನ್ನು ಬಡಿಯುತ್ತಿದೆ,
ಯಂತ್ರದ ಒಂದು ಏಟಿಗೆ ಅವರದೊಂದು,
ಒಂದೂ ತಪ್ಪದೆ. ತಲೆಯೂ ಜೊತೆಗೆ ತೂಗುತ್ತಿದೆ.

"ಅಲುಗಬೇಡಿ ಅಮ್ಮ" ಎನ್ನಬೇಕು.
ಎಂದೆ. ಎರಡು ಸಲ.
ಕೊನೆಗೆ ಸೇಸಿಯಕ್ಕ ತಮ್ಮ ಬೆಂಡೋಲೆ ಬಿಚ್ಚಿಟ್ಟು ಒಳಗೆ ಹೋಗಿ
ಆ ಕೈಯನ್ನು ಹಿಡಿದು ನಿಂತರು,
ಹಿಡಿದದ್ದೋ,
ಇನ್ನೊಂದು ಹೆಂಚು ಕೊಟ್ಟದ್ದೋ.
ಚಿತ್ರ ತಿಳಿಯಾಯಿತು.
ಎರಡು ಮಿಲಿಲೀಟರ್, ಮೇಲೊಂದಿಷ್ಟು ಹನಿ.
ದೋಣಿ ಕಟ್ಟುವ ಗೂಟದ ಬಳಿಗೂ ನೀರು ಬಂದಿತ್ತು.

ಹೇಳುವುದು ಡಾಕ್ಟರ ಕೆಲಸ.
ನಾನು ಬಾಯಿ ಬಿಡುವಂತಿಲ್ಲ, ಮುಖವನ್ನೂ.
ತಲೆಯ ಪಂಜರ ಬಿಚ್ಚಲು ಬಗ್ಗಿದೆ.
ಅವರ ಕೈ ಎದ್ದು ಬಂತು
ನನ್ನ ಹಣೆಗೆ, ಗೆಣ್ಣಿನಿಂದ, ಒಂದೇ ಏಟು.
ಕಿವಿ ಓರೆ ಮಾಡಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು.
ನಾನೂ ಉಸಿರು ಹಿಡಿದಿದ್ದೆ, ಯಾಕೋ.

"ಇದು ಗಟ್ಟಿ," ಎಂದರು ಸೇಸಿಯಕ್ಕನಿಗೆ.
"ಮಾಡಿಗೆ ಹೋಗಲಿ."

ಸೇಸಿಯಕ್ಕ ಹಲ್ಲಿನಲ್ಲಿ ಗಂಟು ಬಿಚ್ಚುತ್ತಿದ್ದರು.
ಹೊರಗೆ ಟೋಕನ್ ಹದಿನಾಲ್ಕು ಕೆಮ್ಮಿತು.